ಕಡಿಮೆ ಖರ್ಚಿನ ಕೌನ್ಸೆಲಿಂಗ್ ಹುಡುಕಿಕೊಡುವ ಆಪ್: ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಕಟ್ಟುವ ಬಗೆ

ಆಪ್ ಮಾಡಬೇಕಾದ ಕೆಲಸ ಒಂದೇ. ಈ ಮೂರು ಜಿಲ್ಲೆಯ ಯಾವುದೇ ಊರಿನವರು ಹೋಗಿ ಬರುವಷ್ಟು ದೂರದಲ್ಲಿ, ಅವರ ಕೈಲಾಗುವ ಖರ್ಚಿನಲ್ಲಿ, ಅವರ ಭಾಷೆ ಆಡುವ ಮನೋವೈದ್ಯರು ಅಥವಾ ಕೌನ್ಸೆಲರ್ ಎಲ್ಲಿ, ಯಾವ ದಿನ ಸಿಗುತ್ತಾರೆ ಎಂದು ತೋರಿಸುವುದು. ಬುಕಿಂಗ್ ಇಲ್ಲ, ಚಾಟ್ ಇಲ್ಲ, ಲಾಗಿನ್ ಇಲ್ಲ, ಹಣ ಪಾವತಿಯೂ ಇಲ್ಲ. ಇವನ್ನೆಲ್ಲ ಸೇರಿಸಿದರೆ ಆಪ್ ದೊಡ್ಡದಾಗುತ್ತದೆ, ಆದರೆ ಮಂಗಳವಾರ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಡಾಕ್ಟರ್ ಸಿಗುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಇಲ್ಲಿ ಕೋಡ್ ಸಣ್ಣ ಪಾಲು. ಪಟ್ಟಿ ಸುಳ್ಳಾಗದಂತೆ ಕಾಯುವುದೇ ದೊಡ್ಡ ಕೆಲಸ.

ಪಟ್ಟಿಗೆ ಯಾರು ಬರಬಹುದು

ಮೊದಲ ತಪಾಸಣೆ ನೋಂದಣಿ ಸಂಖ್ಯೆ. ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಸಂಖ್ಯೆ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದ, ಅಂದರೆ ಸಿಆರ್‌ಆರ್ ಸಂಖ್ಯೆ ಇರಬೇಕು, ಅದು ನವೀಕರಣವಾಗಿದೆಯೇ ಎಂದೂ ನೋಡಬೇಕು. ತೊಡಕು ಬರುವುದು ‘ಕೌನ್ಸೆಲರ್’ ಎಂಬ ಬೋರ್ಡಿನ ಹತ್ತಿರ. ಸಮಾಲೋಚಕರನ್ನು ನೋಂದಣಿಯ ವ್ಯಾಪ್ತಿಗೆ ತಂದದ್ದು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ 2021ರ ಕಾಯ್ದೆ. ಅದಕ್ಕೂ ಮೊದಲು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೂ ಬೋರ್ಡ್ ಹಾಕಬಹುದಿತ್ತು, ಆ ಬೋರ್ಡುಗಳು ಇನ್ನೂ ಇವೆ. ಆದ್ದರಿಂದ ಮನಶ್ಶಾಸ್ತ್ರ, ಕೌನ್ಸೆಲಿಂಗ್ ಅಥವಾ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇಲ್ಲದವರನ್ನು ಸೇರಿಸುವುದಿಲ್ಲ ಎಂಬ ಗೆರೆ ಹಾಕಿ, ಪದವಿಯ ಹೆಸರನ್ನು ಆಪ್‌ನಲ್ಲಿ ಅವರ ವಿವರ ತೋರಿಸುವ ಕಾರ್ಡಿನ ಮೇಲೇ ತೋರಿಸಿ. ‘ತಜ್ಞರು’ ಎಂಬ ಪದ ಎಲ್ಲೂ ಬೇಡ. ಮಾತ್ರೆ ಬರೆದುಕೊಡುವವರು ಯಾರು, ಬರೀ ಮಾತಿನ ಚಿಕಿತ್ಸೆ ಕೊಡುವವರು ಯಾರು ಎಂಬುದು ಕಾರ್ಡಿನ ಎರಡನೇ ಸಾಲಿನಲ್ಲೇ ಗೊತ್ತಾಗಬೇಕು. ಇಲ್ಲದಿದ್ದರೆ ಜನ ಗುಳಿಗೆ ಕೇಳಿಕೊಂಡು ಸೈಕಾಲಜಿಸ್ಟ್ ಬಾಗಿಲಿಗೆ ಹೋಗಿ ಬರಿಗೈಲಿ ವಾಪಸ್ ಬರುತ್ತಾರೆ.

ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವ್ಯಕ್ತಿಯ ಹೆಸರು ಹಾಕಬೇಡಿ, ವಿಭಾಗದ ಹೆಸರು ಹಾಕಿ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ ಮತ್ತು ಅಲ್-ಅಮೀನ್, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಎಲ್ಲ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳೂ ಕಿರಿಯ ವೈದ್ಯರೂ ಬದಲಾಗುತ್ತಲೇ ಇರುತ್ತಾರೆ. ಹೆಸರು ಹಾಕಿದರೆ ಒಂದೇ ವರ್ಷದಲ್ಲಿ ಪಟ್ಟಿ ಹಳೆಯದಾಗುತ್ತದೆ.

ಜಿಲ್ಲೆಯ ಫಿಲ್ಟರ್ ತೆಗೆದು ಹಾಕಿ

ಇಂಥ ಆಪ್ ಮಾಡುವವರು ಮೊದಲು ಇಡುವುದು ‘ಜಿಲ್ಲೆ ಆಯ್ಕೆಮಾಡಿ’ ಎಂಬ ಪೆಟ್ಟಿಗೆ. ಈ ಭಾಗಕ್ಕೆ ಅದು ಹೊಂದುವುದೇ ಇಲ್ಲ. ಅಥಣಿ ಬೆಳಗಾವಿ ಜಿಲ್ಲೆಯಲ್ಲಿದೆ, ಆದರೆ ಬೆಳಗಾವಿಗೆ ಹೋಲಿಸಿದರೆ ವಿಜಯಪುರ ಅಲ್ಲಿಗೆ ಹೆಚ್ಚುಕಡಿಮೆ ಅರ್ಧ ದೂರ, ಮಿರಜ ಇನ್ನೂ ಹತ್ತಿರ. ಸವದತ್ತಿಯವರಿಗೆ ಜಿಲ್ಲಾಕೇಂದ್ರಕ್ಕಿಂತ ಧಾರವಾಡ ಹತ್ತಿರ, ಮತ್ತು ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 1845ರಷ್ಟು ಹಳೆಯ ಬೇರಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಅದು. ಜಿಲ್ಲೆ ಫಿಲ್ಟರ್ ಇಟ್ಟರೆ ಸವದತ್ತಿಯವರ ಪರದೆಯಿಂದ ಅದು ಮಾಯ. ವಿಜಯಪುರ ಕಡೆಯವರಿಗೆ ಸೊಲ್ಲಾಪುರ, ನಿಪ್ಪಾಣಿ ಕಡೆಯವರಿಗೆ ಕೊಲ್ಲಾಪುರವೂ ಲೆಕ್ಕಕ್ಕೆ ಬರಬೇಕು.

ಅಕ್ಷಾಂಶ ರೇಖಾಂಶ ಹಿಡಿದು ನೇರ ದೂರ ಅಳೆಯುವುದೂ ಮೋಸ. ಆಲಮಟ್ಟಿ ಹಿನ್ನೀರಿನ ಆಚೆ ದಂಡೆಯ ಊರು ನಕಾಶೆಯಲ್ಲಿ ಕೈಗೆಟಕುವಂತೆ ಕಂಡರೂ ರಸ್ತೆ ಸುತ್ತಿಕೊಂಡೇ ಹೋಗಬೇಕು. ಬಸ್ಸಿನ ಹೊತ್ತನ್ನೇ ಅಳತೆಯಾಗಿಟ್ಟುಕೊಳ್ಳಿ. ತಾಲ್ಲೂಕು ಕೇಂದ್ರ, ದೊಡ್ಡ ಹೋಬಳಿ ಸೇರಿಸಿ 60 ಸ್ಥಳ ಎಂದುಕೊಂಡರೆ ಎಲ್ಲ ಜೋಡಿ 1,770 ಆಗುತ್ತವೆ. ಅಷ್ಟು ಬೇಕಾಗಿಲ್ಲ. ಸೇವೆ ಸಿಗುವ ಊರು 10 ಇದ್ದರೆ 600 ಚೌಕದ ಕೋಷ್ಟಕ ಸಾಕು, ಕೈಯಿಂದಲೇ ತುಂಬಬಹುದು. ಪ್ರತಿ ಚೌಕದಲ್ಲಿ ಮೂರು ಸಂಗತಿ: ಬಸ್ಸಿಗೆ ಹಿಡಿಯುವ ನಿಮಿಷ, ಸಾಮಾನ್ಯ ಬಸ್ಸಿನ ಟಿಕೆಟ್ ದರ, ಮತ್ತು ವಾಪಸ್ ಬರುವ ಕೊನೆಯ ಬಸ್ಸಿನ ಸಮಯ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಸಂಜೆ 6ಕ್ಕೆ ಮಾತ್ರ ಸಿಗುವ ಕೌನ್ಸೆಲರ್ ಹತ್ತಿರ ಹೋಗಿ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಕೂರುವಂತಾದರೆ ಆ ಹೆಸರು ಪಟ್ಟಿಯಲ್ಲಿ ಇದ್ದೂ ಉಪಯೋಗವಿಲ್ಲ. ಬೆಳಗಾವಿ, ಬಾಗಲಕೋಟೆಯ ಬಸ್ಸು ವಾಯವ್ಯ ಸಾರಿಗೆಯವು, ವಿಜಯಪುರದವು ಕಲ್ಯಾಣ ಕರ್ನಾಟಕ ಸಾರಿಗೆಯವು. ವೇಳಾಪಟ್ಟಿಯನ್ನು ಎರಡು ಕಡೆ ಕೇಳಬೇಕಾಗುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಹೊತ್ತಿಗೆ ಬಸ್ಸೆಲ್ಲ ಎಲ್ಲಮ್ಮನ ಗುಡ್ಡದ ಕಡೆ ತಿರುಗುತ್ತವೆ. ಆ ವಾರ ‘ಬಸ್ಸಿನ ಸಮಯ ವ್ಯತ್ಯಾಸವಾಗಬಹುದು’ ಎಂಬ ಸೂಚನೆ ಪರದೆಯ ಮೇಲೆ ಬರಲಿ.

ಶುಲ್ಕವಲ್ಲ, ದಿನದ ಖರ್ಚು

ವಿಂಗಡಣೆ ಶುಲ್ಕದ ಮೇಲೆ ಮಾಡಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ದೂರದ ಊರಿನಲ್ಲಿ ಶುಲ್ಕ ₹300. ಬಸ್ಸಿಗೆ ಒಂದು ಕಡೆಗೆ ₹150, ಜತೆಗೊಬ್ಬರು ಬೇಕು. ಇಬ್ಬರ ಹೋಗಿಬರುವ ಟಿಕೆಟ್ ₹600. ದಿನಗೂಲಿ ₹400ರಂತೆ ಇಬ್ಬರ ಕೂಲಿ ಹೋದದ್ದು ₹800. ಒಟ್ಟು ₹1,700. ಹತ್ತಿರದ ಊರಿನಲ್ಲಿ ಶುಲ್ಕ ₹600, ಒಬ್ಬರೇ ಹೋಗಬಹುದು, ಬಸ್ಸಿಗೆ ಎರಡೂ ಕಡೆ ಸೇರಿ ₹60, ಅರ್ಧ ದಿನದ ಕೂಲಿ ₹200. ಒಟ್ಟು ₹860. ವಾರಕ್ಕೊಂದರಂತೆ ನಾಲ್ಕು ಸಲ ಹೋದರೆ ಮೊದಲನೆಯದು ₹6,800, ಎರಡನೆಯದು ₹3,440. ಶುಲ್ಕ ದುಪ್ಪಟ್ಟಿದ್ದ ಜಾಗವೇ ಅಗ್ಗ.

ಶಕ್ತಿ ಯೋಜನೆ 2023ರ ಜೂನ್‌ನಿಂದ ಜಾರಿಯಲ್ಲಿರುವುದರಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಆದ್ದರಿಂದ ‘ಹೋಗುವವರು: ಹೆಂಗಸರು ಎಷ್ಟು, ಗಂಡಸರು ಎಷ್ಟು’ ಎಂದು ಕೇಳುವ ಎರಡು ಸಣ್ಣ ಗುಂಡಿ ಇಡಿ. ಮಿರಜ, ಸೊಲ್ಲಾಪುರದ ದಾರಿಗೆ ಈ ಸೊನ್ನೆ ಹಾಕಬೇಡಿ. ಗಡಿ ದಾಟುವ ಬಸ್ಸಿಗೆ ಆ ಸೌಲಭ್ಯ ಇಲ್ಲ. ಕೂಲಿಯ ಮೊತ್ತವನ್ನು ಬಳಸುವವರೇ ತುಂಬಲಿ, ಖಾಲಿ ಬಿಟ್ಟರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಶುಲ್ಕದ ಕಾಲಂ ಕೂಡ ಒಂದಲ್ಲ, ನಾಲ್ಕು: ಮೊದಲ ಭೇಟಿ, ಮರುಭೇಟಿ, ಮರುಭೇಟಿಯ ದರ ಎಷ್ಟು ದಿನದವರೆಗೆ ನಡೆಯುತ್ತದೆ, ಒಂದು ಭೇಟಿ ಎಷ್ಟು ನಿಮಿಷ. ₹300ಕ್ಕೆ ಐದು ನಿಮಿಷದ ಔಷಧಿ ತಪಾಸಣೆಯನ್ನೂ ₹600ಕ್ಕೆ 45 ನಿಮಿಷದ ಕೌನ್ಸೆಲಿಂಗನ್ನೂ ಒಂದೇ ತಕ್ಕಡಿಗೆ ಹಾಕಬಾರದು. ‘ಬಡವರಿಗೆ ರಿಯಾಯಿತಿ ಇದೆ’ ಎಂಬ ಉತ್ತರವನ್ನು ದಾಖಲಿಸಬೇಡಿ. ವಾರಕ್ಕೆ ಎಷ್ಟು ರಿಯಾಯಿತಿ ಸೀಟು, ಎಷ್ಟು ರೂಪಾಯಿಗೆ, ಬಿಪಿಎಲ್ ಕಾರ್ಡ್ ತೋರಿಸಬೇಕೋ ಬೇಡವೋ, ಈ ಮೂರೂ ಸಿಕ್ಕರೆ ಮಾತ್ರ ಬರೆಯಿರಿ. ಆಯುಷ್ಮಾನ್ ಕಾರ್ಡಿನ ಬಗ್ಗೆ ಜನ ಕೇಳೇ ಕೇಳುತ್ತಾರೆ. ಅದು ದಾಖಲಾಗಿ ಪಡೆಯುವ ಚಿಕಿತ್ಸೆಗೆ, ಹೊರರೋಗಿ ಕೌನ್ಸೆಲಿಂಗ್‌ಗೆ ಅಲ್ಲ. ಇದನ್ನು ಒಂದು ಸಾಲಿನಲ್ಲಿ ಮೊದಲೇ ಹೇಳಿಬಿಡಿ.

ಒಂದೇ ಖರ್ಚಿನ ಗುಂಪಿನಲ್ಲಿ ಐದಾರು ಹೆಸರಿದ್ದರೆ ಪ್ರತಿ ಸಲ ಕ್ರಮ ಕಲಸಿ ತೋರಿಸಿ. ಅಕ್ಷರಾನುಕ್ರಮ ಇಟ್ಟರೆ ‘ಅ’ದವರ ಫೋನಿಗೆ ಬಿಡುವಿಲ್ಲ, ‘ಶ’ದವರಿಗೆ ಕರೆಯೇ ಇಲ್ಲ.

ಎರಡನೇ ಮಂಗಳವಾರ ಯಾವುದು

ಸರ್ಕಾರಿ ಸೇವೆಯಲ್ಲಿ ಅತ್ಯಂತ ಉಪಯುಕ್ತ, ಆದರೆ ಅತ್ಯಂತ ಬೇಗ ತಪ್ಪಾಗುವ ಮಾಹಿತಿ ಮನೋಚೈತನ್ಯ ಶಿಬಿರದ್ದು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಒಂದು, ತಾಲ್ಲೂಕು ಹಲವು. ಹಾಗಾಗಿ ಸರದಿ ಇರುತ್ತದೆ. ‘ಎರಡನೇ ವಾರದ ಮಂಗಳವಾರ’ ಎಂದು ಒಬ್ಬರು ಹೇಳುತ್ತಾರೆ, ‘ಎರಡನೇ ಮಂಗಳವಾರ’ ಎಂದು ಇನ್ನೊಬ್ಬರು. 2026ರ ಏಪ್ರಿಲ್ ನೋಡಿ. ತಿಂಗಳು ಬುಧವಾರ ಶುರುವಾಗುತ್ತದೆ. ಗೋಡೆ ಕ್ಯಾಲೆಂಡರಿನ ಎರಡನೇ ಸಾಲಿನ ಮಂಗಳವಾರ 7ನೇ ತಾರೀಕು, ಎರಡನೇ ಮಂಗಳವಾರ 14ನೇ ತಾರೀಕು. ಒಂದು ವಾರದ ವ್ಯತ್ಯಾಸ, ಅಂದರೆ ಒಂದು ಕೂಲಿ ದಂಡ. ಆದ್ದರಿಂದ ಫೋನಿನಲ್ಲಿ ‘ಎಷ್ಟನೇ ಮಂಗಳವಾರ’ ಎಂದು ಕೇಳಿ ಅಷ್ಟಕ್ಕೇ ಬಿಡದೆ, ಹೋದ ತಿಂಗಳು ಬಂದ ತಾರೀಕು, ಮುಂದೆ ಬರುವ ತಾರೀಕು ಎರಡನ್ನೂ ಕೇಳಿ. ಕೋಡಿನಲ್ಲಿ ನಿಯಮ ಸರಳ: ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ರ ಒಳಗೇ ಬೀಳುತ್ತದೆ. ಪರದೆಯಲ್ಲಿ ನಿಯಮ ತೋರಿಸಬೇಡಿ, ಮುಂದಿನ ತಾರೀಕನ್ನೇ ತೋರಿಸಿ. ಸರ್ಕಾರಿ ರಜೆ ಬಿದ್ದರೆ ತಾರೀಕನ್ನು ತಾನಾಗಿ ಮುಂದೂಡಲೂ ಬೇಡಿ. ‘ಕೇಳಿಕೊಂಡು ಹೋಗಿ’ ಎಂದು ಕೆಂಪಗೆ ಬರಲಿ, ಆಸ್ಪತ್ರೆಯ ನಂಬರು ಪಕ್ಕದಲ್ಲಿರಲಿ.

ಫೋನ್ ಮಾಡಿ ಖಾತ್ರಿಪಡಿಸುವುದು

ಬೆಳಿಗ್ಗೆ 10ರಿಂದ 1ರವರೆಗೆ ಓಪಿಡಿ ಕೌಂಟರಿಗೆ ಫೋನ್ ಮಾಡಿದರೆ ಅವರಿಗೂ ತೊಂದರೆ, ಉತ್ತರವೂ ಅರ್ಧಂಬರ್ಧ. ಮಧ್ಯಾಹ್ನ 3ರ ಮೇಲೆ ಮಾಡಿ. ನಿಮ್ಮ ಸಂಸ್ಥೆಯ ಹೆಸರು ಹೇಳಿಕೊಂಡು ಒಂದು ಸಲ, ಮಾಮೂಲಿ ರೋಗಿಯಂತೆ ಇನ್ನೊಬ್ಬರಿಂದ ಇನ್ನೊಂದು ಸಲ ಕೇಳಿಸಿ. ಎರಡೂ ಉತ್ತರ ಹೊಂದಿದರೆ ಮಾತ್ರ ಹಸಿರು ಗುರುತು. ‘ಅಕ್ಕಾರ, ಕೇಸ್ ಪೇಪರ್ ಎಷ್ಟೊತ್ತಿನ ಮಟಾ ಮಾಡ್ತೀರಿ? ಮನೋವೈದ್ಯರು ಇವತ್ತ ಅದಾರೇನ್ರಿ? ಗುಳಿಗಿ ಅಲ್ಲೇ ಕೊಡ್ತಾರೋ ಹೊರಗ ತಗೋಬೇಕೋ?’ ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಕೇಸ್ ಪೇಪರ್ ಮಾಡಿಸುವ ಸಮಯ ಡಾಕ್ಟರ್ ಕೂರುವ ಸಮಯಕ್ಕಿಂತ ಮೊದಲೇ ಮುಗಿಯುತ್ತದೆ. ಕಾರ್ಡಿನಲ್ಲಿ ದೊಡ್ಡದಾಗಿ ಕಾಣಬೇಕಾದ್ದು ಅದು.

ಪ್ರತಿ ಸಾಲಿಗೂ ಖಾತ್ರಿಪಡಿಸಿದ ತಾರೀಕು ಕಡ್ಡಾಯ. 60 ದಿನ ದಾಟಿದರೆ ಹಳದಿ. 120 ದಾಟಿದರೆ ಶುಲ್ಕ ಮತ್ತು ಸಮಯ ಅಡಗಿ ಫೋನ್ ನಂಬರ್ ಮಾತ್ರ ಉಳಿಯಬೇಕು. ಇದನ್ನು ಮನುಷ್ಯರ ನೆನಪಿಗೆ ಬಿಡಬೇಡಿ, ಕೋಡೇ ಮಾಡಲಿ.

ಸ್ಟಾರ್ ರೇಟಿಂಗ್ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರೋಗಿಯ ಮಾಹಿತಿ ಗೌಪ್ಯ. ಬೈದು ಬರೆದವರಿಗೆ ಡಾಕ್ಟರ್ ಉತ್ತರ ಕೊಡುವಂತಿಲ್ಲ. ಸಣ್ಣ ಊರಿನಲ್ಲಿ ಬರೆದವರು ಯಾರೆಂದು ಓದಿದವರಿಗೆ ಗೊತ್ತಾಗಿಬಿಡುತ್ತದೆ ಕೂಡ. ಬದಲಿಗೆ ನಾಲ್ಕು ಗುಂಡಿ: ಎಲ್ಲ ಸರಿಯಿತ್ತು, ಫೋನ್ ಎತ್ತಲಿಲ್ಲ, ಶುಲ್ಕ ಬೇರೆ ಇತ್ತು, ಆ ದಿನ ಇರಲಿಲ್ಲ. ಬರೆಯುವ ಜಾಗ ಇಲ್ಲ. ಒಂದೇ ದೂರು ಎರಡು ಬೇರೆ ಕಡೆಯಿಂದ ಬಂದರೆ ಆ ಸಾಲು ಮತ್ತೆ ಫೋನ್ ಪಟ್ಟಿಗೆ.

ಹುಡುಕುವ ಪೆಟ್ಟಿಗೆ

ಇನ್ನೂರು ಮುನ್ನೂರು ಸಾಲಿನ ಪಟ್ಟಿಗೆ ಡೇಟಾಬೇಸ್ ಸರ್ವರ್ ಬೇಡ. ಪಟ್ಟಿಯನ್ನು ಸಾದಾ ಪಠ್ಯವಾಗಿ ಇಡುವ ಒಂದು ಜೇಸನ್ ಫೈಲ್, ಒಂದು ಸ್ಟ್ಯಾಟಿಕ್ ವೆಬ್ ಆಪ್, ಹುಡುಕಾಟವೆಲ್ಲ ಫೋನಿನೊಳಗೇ. ಯಾರಾದರೂ ಎಸ್‌ಕ್ಯೂಲೈಟ್ ಎಫ್‌ಟಿಎಸ್5 ಎಂಬ ಡೇಟಾಬೇಸ್ ಹುಡುಕಾಟ ಹಾಕುವುದಾದರೆ ಒಂದು ಗುಂಡಿ ಇದೆ, ಬೀಳಬೇಡಿ. ಅದರ ಯುನಿಕೋಡ್61 ಟೋಕನೈಜರ್, ಅಂದರೆ ಸಾಲನ್ನು ಪದಗಳಾಗಿ ಒಡೆಯುವ ಭಾಗ, ನಾವೇನೂ ಬದಲಿಸದಿದ್ದರೆ ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗ ಎನ್ನುತ್ತದೆ. ಗುಣಿತ ಚಿಹ್ನೆ, ಹಲಂತಗಳು ಅದಕ್ಕೆ ಪದ ಒಡೆಯುವ ಜಾಗ. ‘ನಿದ್ದೆ’ ಎಂಬುದು ನ, ದ, ದ ಎಂದು ಚೂರಾಗುತ್ತದೆ. ಕೆಟಗರೀಸ್ ಎಂಬ ಆಯ್ಕೆಯಲ್ಲಿ ಎಂಎನ್, ಎಂಸಿ ಎಂಬ ಎರಡು ಚಿಹ್ನೆ ವರ್ಗ ಸೇರಿಸಿದರೆ ಸರಿಹೋಗುತ್ತದೆ.

ಫೋನಿನೊಳಗಿನ ಹುಡುಕಾಟಕ್ಕೂ ತಯಾರಿ ಬೇಕು. ‘ಕೋ’ ಅಕ್ಷರದ ಓತ್ವ ಒಂದೇ ಸಂಕೇತವಾಗಿ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಪಟ್ಟಿಯನ್ನೂ ಬಳಸುವವರು ಟೈಪಿಸಿದ್ದನ್ನೂ ಯುನಿಕೋಡಿನ ಒಂದೇ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತನ್ನಿ. ಕಾಣದ ಜೋಡಕಗಳನ್ನು, ಅಂದರೆ ಝಡ್‌ಡಬ್ಲ್ಯೂಜೆ ಮತ್ತು ಝಡ್‌ಡಬ್ಲ್ಯೂಎನ್‌ಜೆಗಳನ್ನು, ಎರಡೂ ಕಡೆ ಕಿತ್ತುಹಾಕಿ. ಕನ್ನಡ ಅಂಕಿಗಳನ್ನು ಮಾಮೂಲಿ ಅಂಕಿಗೆ ತಿರುಗಿಸಿ. ಆಮೇಲೆ ಈ ಸೀಮೆಗೇ ಬೇಕಾದ ನಿಯಮ: ಪದದ ಕೊನೆಯ ಎಕಾರವನ್ನು ಇಕಾರ ಮಾಡಿ. ನಿದ್ದೆ, ನಿದ್ದಿ ಎರಡೂ ಒಂದಾಗುತ್ತವೆ, ಚಿಂತೆ ಚಿಂತಿಯೂ ಅಷ್ಟೇ. ಬೇಸರ, ಬ್ಯಾಸರದಂಥವಕ್ಕೆ ನಿಯಮ ಸಾಲದು, ಪರ್ಯಾಯ ಪದಗಳ ಪಟ್ಟಿಯೇ ಬೇಕು. ಊರ ಹೆಸರಿಗೂ ಅಂಥದ್ದೇ ಪಟ್ಟಿ: ಬೆಳಗಾವಿ, ಬೆಳಗಾಂ, ಬೆಳಗಾಂವ, ವಿಜಯಪುರ, ಬಿಜಾಪುರ, ಸವದತ್ತಿ, ಸೌಂದತ್ತಿ.

‘ಸೈಕೋಥೆರಪಿ’ ಎಂದು ಹುಡುಕುವವರು ಕಡಿಮೆ. ‘ಎದಿ ಹೊಡ್ಕೋತೈತಿ’, ‘ನಿದ್ದಿ ಬರವಲ್ದು’, ‘ಟೆನ್ಶನ್’, ‘ಕುಡಿಯೋದು ಬಿಡಸೋದು’, ‘ಪರೀಕ್ಷಾ ಭಯ’ ಎಂದೇ ಟೈಪಿಸುತ್ತಾರೆ. ಇಂಥ ಮಾತುಗಳನ್ನು ಆಶಾ ಕಾರ್ಯಕರ್ತೆಯರಿಂದ, ತಾಲ್ಲೂಕು ಆಸ್ಪತ್ರೆಯ ನರ್ಸುಗಳಿಂದ ಕೇಳಿ ಕೂಡಿಸಿ. ಎದೆ ಹೊಡೆದುಕೊಳ್ಳುವುದಕ್ಕೆ ಫಲಿತಾಂಶ ಕೊಡುವಾಗ ‘ಎದೆನೋವು, ಬೆವರು ಇದ್ದರೆ ಮೊದಲು ಹೃದಯ ತೋರಿಸಿ’ ಎಂಬ ಸಾಲು ಮೇಲಿರಲಿ.

ತುರ್ತಿನ ಪಟ್ಟಿ

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಪ್ರತಿ ಪರದೆಯ ಕೆಳಗೆ ಇರಬೇಕು, ಇಂಟರ್ನೆಟ್ ಇಲ್ಲದಾಗಲೂ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಹಗಲು ರಾತ್ರಿ ನಡೆಯುತ್ತದೆ, ಉಚಿತ, ಕನ್ನಡದಲ್ಲೂ ಸಿಗುತ್ತದೆ. ಯಾರ ಹತ್ತಿರವೂ ಹೋಗಲಾಗದವರಿಗೆ ಇದೇ ಸೊನ್ನೆ ಖರ್ಚಿನ ಮೊದಲ ಮೆಟ್ಟಿಲು. ಚಟ ಬಿಡಿಸುವ ಸಹಾಯವಾಣಿ 14446. ಎರಡಕ್ಕೂ ಒಂದೇ ಅಂಕಿಯ ವ್ಯತ್ಯಾಸ, ಡೇಟಾ ಎಂಟ್ರಿಯಲ್ಲಿ ಅದಲು ಬದಲಾಗುತ್ತದೆ. ಈ ಎರಡು ನಂಬರನ್ನು ಪಟ್ಟಿಯಿಂದ ಓದಿಸದೆ ಕೋಡಿನಲ್ಲೇ ಗಟ್ಟಿಯಾಗಿ ಬರೆದು, ಬಿಡುಗಡೆಗೆ ಮುನ್ನ ಪರೀಕ್ಷೆಯಲ್ಲಿ ಹೋಲಿಸಿ.

‘ಸಾಯಬೇಕು’, ‘ಬದುಕೋದು ಬ್ಯಾಡ’ ಎಂಬ ಅರ್ಥದ ಮಾತು ಬಂದರೆ ಪಟ್ಟಿ ತೋರಿಸುವ ಮುಂಚೆ 14416 ಮತ್ತು 112 ಕಾರ್ಡ್ ಬರಬೇಕು. ‘ಎಣ್ಣಿ’ ಎಂಬ ಪದದ ಹತ್ತಿರ ಎಚ್ಚರ. ಈ ಕಡೆ ಅದು ಸಾರಾಯಿಯೂ ಹೌದು, ಹೊಲಕ್ಕೆ ಹೊಡೆಯುವ ಔಷಧವೂ ಹೌದು. ‘ಎಣ್ಣಿ ಕುಡದಾನ’ ಎಂದು ಟೈಪಿಸಿದರೆ ಚಟ ಬಿಡಿಸುವ ಕೇಂದ್ರ ಮಾತ್ರ ತೋರಿಸುವ ಆಪ್ ಜೀವಕ್ಕೇ ಕುತ್ತು. ಮೊದಲು 108, ತಡಮಾಡದೆ ಆಸ್ಪತ್ರೆ. ಉಳಿದದ್ದು ಅದರ ಕೆಳಗೆ. ಪೊಲೀಸ್ ಕೇಸಿಗೆ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ. ಆಸ್ಪತ್ರೆಯಲ್ಲಿ ವೈದ್ಯಕೀಯ-ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ದಾಖಲಾಗಬಹುದು, ಅದು ಶಿಕ್ಷೆಯ ಮಾತಲ್ಲ. ಇದನ್ನೂ ಆ ಕಾರ್ಡಿನಲ್ಲಿ ಎರಡು ಸಾಲು ಬರೆಯಿರಿ.

ಪಿಎಚ್‌ಕ್ಯೂ-9ರಂಥ ಖಿನ್ನತೆ ಅಳೆಯುವ ಪ್ರಶ್ನಾವಳಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ‘ಹೌದು’ ಎಂದು ಒತ್ತಿದವರ ಎದುರು ಮಾತಾಡಲು ಮನುಷ್ಯರಿಲ್ಲದ ಆಪ್‌ಗೆ ಅದನ್ನು ಕೇಳುವ ಹಕ್ಕಿಲ್ಲ.

ಗುಟ್ಟು ಉಳಿಸುವುದು

ಒಂದೇ ಫೋನ್ ಮನೆಮಂದಿಯೆಲ್ಲ ಬಳಸುವ ಕಡೆ ಐಕಾನಿನ ಮೇಲೆ ಮೆದುಳಿನ ಚಿತ್ರ, ‘ಮನೋ’ ಎಂಬ ಹೆಸರು ಬೇಡ. ಪುಟದ ಶೀರ್ಷಿಕೆ ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ, ಎಲ್ಲ ಪುಟಕ್ಕೂ ಒಂದೇ ಸಪ್ಪೆ ಶೀರ್ಷಿಕೆ ಕೊಡಿ. ಹುಡುಕಿದ ಪದ ವಿಳಾಸದ ಸಾಲಿಗೆ ಹೋಗಬಾರದು. ಹೋದರೆ ಸರ್ವರ್ ಲಾಗಿನಲ್ಲಿ ಐಪಿ ಜತೆ ಕೂತುಬಿಡುತ್ತದೆ. ಹೊರಗಿನ ಅನಲಿಟಿಕ್ಸ್ ಬೇಡವೇ ಬೇಡ. ಹೆಸರು, ವಯಸ್ಸು, ಫೋನ್ ಕೇಳದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರಿಗೆ ಪೋಷಕರ ಒಪ್ಪಿಗೆ ಪಡೆಯುವ ತೊಡಕೂ ಹತ್ತಿರ ಬರುವುದಿಲ್ಲ. ವೆಬ್ ಪುಟವನ್ನು ಆಪ್ ಆಗಿ ತೋರಿಸುವ ಆಂಡ್ರಾಯ್ಡ್ ವೆಬ್‌ವ್ಯೂ ಒಳಗೆ ಹಾಕಿದರೆ ಕರೆ ಮಾಡುವ ಲಿಂಕ್ ಸುಮ್ಮನೆ ದೋಷ ತೋರಿಸುತ್ತದೆ. ಅದನ್ನು ಡಯಲರ್‌ಗೆ ಕಳಿಸುವ ಕೋಡ್ ಬೇರೆಯೇ ಬರೆಯಬೇಕು. ಕರೆ ಮುಗಿದ ಮೇಲೆ ಕಾಲ್ ಲಿಸ್ಟ್‌ನಲ್ಲಿ ನಂಬರ್ ಉಳಿಯುವುದನ್ನು ಆಪ್ ಅಳಿಸಲಾಗದು, ಹೇಳಿ ಎಚ್ಚರಿಸಬಹುದು ಅಷ್ಟೇ.

ನೆಟ್ ಇಲ್ಲದಾಗಲೂ ಆಪ್ ನಡೆಸುವ ಸರ್ವಿಸ್ ವರ್ಕರ್‌ನಲ್ಲಿ ಪರದೆಗಳನ್ನು ಫೋನಿನಿಂದಲೇ ಓದಿಸಿ, ಆದರೆ ಜೇಸನ್ ಫೈಲಿಗೆ ಮೊದಲು ನೆಟ್, 3 ಸೆಕೆಂಡಿನಲ್ಲಿ ಬರದಿದ್ದರೆ ಹಳೆಯದು ಎಂಬ ಕ್ರಮವಿಡಿ. ಅಕ್ಷರಕ್ಕೆ ಫೋನಿನ ಸ್ವಂತ ಫಾಂಟ್ ಸಾಕು. ಸಾಲಿನ ಎತ್ತರ 1.6ಕ್ಕಿಂತ ಕಡಿಮೆಯಾದರೆ ‘ರಾಷ್ಟ್ರ’ದಂಥ ಪದದ ಒತ್ತಕ್ಷರ ಗುಂಡಿಯ ಅಂಚಿಗೆ ಕತ್ತರಿಸಿಹೋಗುತ್ತದೆ.

ಕಾಗದದ ಪ್ರತಿ

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಎಸ್ಸೆಮ್ಮೆಸ್ ಒಳ್ಳೆಯ ದಾರಿ ಅನ್ನಿಸುತ್ತದೆ. ಕನ್ನಡದ ಒಂದು ಎಸ್ಸೆಮ್ಮೆಸ್‌ಗೆ 70 ಸಂಕೇತ ಮಾತ್ರ, ‘ಸ್ತ್ರೀ’ ಒಂದೇ ಆರು ಸಂಕೇತ ತಿನ್ನುತ್ತದೆ. ಮೇಲೆ ಸಗಟು ಎಸ್ಸೆಮ್ಮೆಸ್ ಕಳಿಸುವವರಿಗೆ ಕಡ್ಡಾಯವಾದ ಡಿಎಲ್‌ಟಿ ನೋಂದಣಿ. ಕಾಗದವೇ ಮೇಲು: ತಾಲ್ಲೂಕಿಗೊಂದು ಎ4 ಹಾಳೆ, ಅದೇ ಜೇಸನ್‌ನಿಂದ ಹುಟ್ಟಬೇಕು, ಮೂಲೆಯಲ್ಲಿ ‘ಈ ತಾರೀಕಿನವರೆಗೆ ಮಾತ್ರ’ ಎಂದಿರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ಪಂಚಾಯಿತಿ ಗ್ರಂಥಾಲಯಕ್ಕೆ ಸಾಕಾಗುವಷ್ಟು ಅಚ್ಚು ಹಾಕಿಸಿ. ಪಿಡಿಎಫ್ ಮಾಡುವ ಹಲವು ಲೈಬ್ರರಿಗಳು ಕನ್ನಡದ ಒತ್ತಕ್ಷರ ಜೋಡಿಸುವುದಿಲ್ಲ, ಹಲಂತ ಹೊರಗೆ ಬಿದ್ದಿರುತ್ತದೆ. ಕಿಟಕಿ ತೆರೆಯದೆ ಓಡುವ ಕ್ರೋಮ್ ಬ್ರೌಸರ್, ಅಂದರೆ ಹೆಡ್‌ಲೆಸ್ ಕ್ರೋಮ್‌ನಿಂದ ಪ್ರಿಂಟ್ ತೆಗೆಸಿದರೆ ಆ ಕಾಟ ಇಲ್ಲ.

ಕಚೇರಿಗಳಿಂದ ಬರುವ ಪಟ್ಟಿ ಬಹಳ ಸಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ಯುನಿಕೋಡ್‌ಗೆ ತಿರುಗಿಸುವಾಗ ಹೆಚ್ಚು ತಪ್ಪು ಬೀಳುವುದು ಅರ್ಕಾವತ್ತಿನಲ್ಲಿ, ಏಕೆಂದರೆ ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ. ‘ರಾಮದುರ್ಗ’ ಸರಿಯಾಗಿ ಬಂದಿದೆಯೇ ಎಂದು ಮೊದಲು ನೋಡಿ. ಅದು ಕೆಟ್ಟಿದ್ದರೆ ಇಡೀ ಫೈಲನ್ನು ಕಣ್ಣಿಟ್ಟು ಓದಬೇಕು.

ಬಾಕಿ ಇರುವುದು ಮರಾಠಿ. ಖಾನಾಪುರ, ನಿಪ್ಪಾಣಿ, ಬೆಳಗಾವಿ ಶಹರಕ್ಕೆ ಅದು ಬೇಕೇಬೇಕು. ಪರದೆಯ ಪದಗಳನ್ನು ಅನುವಾದಿಸುವುದು ಸುಲಭ. ಹುಡುಕಾಟದ ಪರ್ಯಾಯ ಪದಪಟ್ಟಿಯನ್ನು ಮಾತ್ರ ಅನುವಾದಿಸಲಾಗದು, ಅಲ್ಲಿನವರಿಂದಲೇ ಮೊದಲಿಂದ ಕೇಳಿ ಕೂಡಿಸಬೇಕು. ವಿಜಯಪುರ ಶಹರದ ದಖನಿ ಉರ್ದುವಿಗೂ ಅದೇ ಕ್ರಮ, ಅದರಲ್ಲೂ ಹೆಂಗಸರಿಂದ ಕೇಳಬೇಕು.